ಒಂದೇ ಇಯರ್‌ಬಡ್, ಎರಡು ದನಿ: ಬ್ಲೂಟೂತ್ ಸದ್ದು ಕೆಡೋದು ಎಲ್ಲಿ?

ಅಕ್ಕನ ಮಗಳು ದಾವಣಗೆರೆಯಲ್ಲಿ ಕೂತು ಮೈಸೂರಿನ ಮೇಷ್ಟ್ರ ಹತ್ತಿರ ಸಂಗೀತ ಕಲಿಯುತ್ತಾಳೆ. ವಾರಕ್ಕೆ ಎರಡು ಸಂಜೆ ಲ್ಯಾಪ್‌ಟಾಪ್ ಮುಂದೆ ಪಾಠ. ಮನೆಯಲ್ಲಿ ಟಿವಿ, ಕುಕ್ಕರ್, ಬೀದಿಯ ಹಾರ್ನ್ ಎಲ್ಲ ಇರುತ್ತಲ್ಲ, ಅದಕ್ಕೇ ಅವಳಿಗೊಂದು ಬ್ಲೂಟೂತ್ ಇಯರ್‌ಬಡ್ ಕೊಡಿಸಿದ್ದರು. ಒಂದು ದಿನ ಅಕ್ಕ ಫೋನ್ ಮಾಡಿದಳು. "ಇದೂ ಕೆಟ್ಟುಹೋಯ್ತು ಕಣೋ. ಇದು ಎರಡನೇದು. ಹಾಡು ಹಾಕಿದ್ರೆ ಚೆನ್ನಾಗೇ ಕೇಳುತ್ತೆ. ಪಾಠ ಶುರುವಾದ್ರೆ ಸಾಕು, ಮೇಷ್ಟ್ರ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತೆ. ಇನ್ನೂ ದುಬಾರಿದು ತಗೊಳ್ಳೋದಾ?"

ಬೇಡ, ತಡಿ ಅಂದೆ. ಆ ಭಾನುವಾರ ಅವರ ಮನೆಗೆ ಹೋದೆ. ಮೊದಲು ತಂಬೂರಿಯ ರೆಕಾರ್ಡಿಂಗ್ ಹಾಕಿದೆ. ತಂಬೂರಿಯ ಕುದುರೆ ಮೇಲೆ ತಂತಿಯ ಅಡಿಗೆ ಒಂದೆಳೆ ದಾರ ಸಿಕ್ಕಿಸುತ್ತಾರಲ್ಲ, ಅದರಿಂದ ಏಳುವ ಝೇಂಕಾರ ಇಯರ್‌ಬಡ್‌ನಲ್ಲಿ ಸ್ಪಷ್ಟವಾಗಿತ್ತು. ಎಡಕ್ಕೂ ಬಲಕ್ಕೂ ಹರಡಿಕೊಂಡು ಕೇಳುತ್ತಿತ್ತು. ಅದು ನುಡಿಯುತ್ತಿರುವಾಗಲೇ ಪಾಠದ ಆ್ಯಪ್ ತೆರೆದೆ. ಸದ್ದು ಒಂದು ಕ್ಷಣ ನಿಂತಿತು. 'ಟಕ್' ಅಂತ ಒಂದು ಸಣ್ಣ ಶಬ್ದ. ಮತ್ತೆ ಶುರುವಾದಾಗ ಝೇಂಕಾರ ಇರಲಿಲ್ಲ. ಬರೀ ಮಂಕು ಗುಂಯ್ ಅನ್ನುವ ಸದ್ದು, ಅದೂ ತಲೆಯ ನಡುವೆ ಒಂದೇ ಕಡೆ. ಆ್ಯಪ್ ಮುಚ್ಚಿದೆ. ಎರಡು ಸೆಕೆಂಡಿನಲ್ಲಿ ತಂಬೂರಿ ಮೊದಲಿನ ಹಾಗೆ ತುಂಬಿಕೊಂಡಿತು. "ಮಾಮ, ಇನ್ನೊಂದ್ಸಲ ಮಾಡಿ" ಅಂದಳು ಹುಡುಗಿ. ಮೂರು ಸಲ ಮಾಡಿ ನೋಡಿದೆವು. ಮೂರು ಸಲವೂ ಹಾಗೇ ಆಯಿತು.

ಇಯರ್‌ಬಡ್ ಕೆಟ್ಟಿರಲಿಲ್ಲ. ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿದ್ದ ಮೊದಲನೇದೂ ಕೆಟ್ಟಿರಲಿಲ್ಲ. ಬದಲಾಗಿದ್ದು ಸದ್ದು ಹೋಗುವ ದಾರಿ. ಆ ದಾರಿಯನ್ನು ಆರಿಸಿದ್ದು ಲ್ಯಾಪ್‌ಟಾಪ್‌ನ ಸಾಫ್ಟ್‌ವೇರ್. ಯಾರನ್ನೂ ಕೇಳದೆ, ಪರದೆ ಮೇಲೆ ಒಂದು ಮಾತೂ ಹೇಳದೆ ಆರಿಸಿತ್ತು. ಬ್ಲೂಟೂತ್ ಸದ್ದಿನ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರೋದು ಇದನ್ನೇ. ನಾವು ಕಿವಿಯಲ್ಲಿರುವ ವಸ್ತುವನ್ನು ದೂರುತ್ತೇವೆ. ಬಹಳ ಸಲ ತೊಂದರೆ ಇರೋದು ಫೋನ್ ಅಥವಾ ಕಂಪ್ಯೂಟರ್ ಒಳಗೆ ಸದ್ದಿಲ್ಲದೆ ನಡೆದ ಒಂದು ಆಯ್ಕೆಯಲ್ಲಿ. ಆ ಆಯ್ಕೆಯನ್ನು ಗುರುತಿಸೋದು ಕಲಿತರೆ ಎಷ್ಟೋ ಮನೆಗಳಲ್ಲಿ ದುಡ್ಡು ಉಳಿಯುತ್ತೆ.

ಮೈಕ್ ತೆರೆದಾಗ ಆಗೋದೇನು

ಬ್ಲೂಟೂತ್‌ನಲ್ಲಿ ಸದ್ದು ಕಳಿಸೋಕೆ ಹಳೆಯ ಎರಡು ದಾರಿಗಳಿವೆ. ಒಂದರ ಹೆಸರು ಎ2ಡಿಪಿ. ಇದು ಹಾಡು ಕೇಳೋಕೆ ಅಂತಲೇ ಮಾಡಿದ್ದು. ಸ್ಟೀರಿಯೋ ಇರುತ್ತೆ, ಗುಣಮಟ್ಟ ಚೆನ್ನಾಗಿರುತ್ತೆ. ಆದರೆ ಇದು ಒನ್‌ವೇ ರಸ್ತೆ. ಫೋನಿನಿಂದ ಕಿವಿಗೆ ಸದ್ದು ಬರುತ್ತೆ, ಇಯರ್‌ಬಡ್‌ನ ಮೈಕ್‌ನಿಂದ ವಾಪಸ್ ಏನೂ ಹೋಗೋದಿಲ್ಲ. ಇನ್ನೊಂದರ ಹೆಸರು ಎಚ್‌ಎಫ್‌ಪಿ, ಅಂದರೆ ಹ್ಯಾಂಡ್ಸ್‌ಫ್ರೀ. ಕಾರು ಓಡಿಸುತ್ತಾ ಫೋನಿನಲ್ಲಿ ಮಾತಾಡೋಕೆ ಅಂತ ಹುಟ್ಟಿದ್ದು. ಇಲ್ಲಿ ಸದ್ದು ಎರಡೂ ಕಡೆ ಹೋಗುತ್ತೆ. ಆದರೆ ದಾರಿ ತುಂಬ ಕಿರಿದು. ಒಂದೊಂದು ದಿಕ್ಕಿಗೆ ಸೆಕೆಂಡಿಗೆ 64 ಕಿಲೋಬಿಟ್ ಮಾಹಿತಿ ಮಾತ್ರ, ಅದೂ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು.

ಎಷ್ಟು ಕಿರಿದು ಅಂತ ಅಂದಾಜಾಗಬೇಕಾದರೆ ಸಿಡಿಯನ್ನು ನೆನಪು ಮಾಡಿಕೊಳ್ಳಿ. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಸದ್ದಿನ ಅಳತೆ ತೆಗೆದಿರುತ್ತಾರೆ. ಎರಡೂ ಕಿವಿಗೆ ಸೇರಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಆಗುತ್ತೆ. ಹ್ಯಾಂಡ್ಸ್‌ಫ್ರೀಯ ಹಳೆಯ ವಿಧಾನದಲ್ಲಿ ಅಳತೆ ತೆಗೆಯೋದು ಸೆಕೆಂಡಿಗೆ 8,000 ಸಲ ಮಾತ್ರ. ಹಾಗೆ ಮಾಡಿದರೆ ಅದರ ಅರ್ಧ, ಅಂದರೆ 4,000 ಹರ್ಟ್ಸ್ ಮೇಲಿನ ಸದ್ದು ಪೂರ್ತಿ ಹೋಗುತ್ತೆ. 'ಸ' ಅಕ್ಷರದ ಸೀಟಿಯಂಥ ಸದ್ದಿನ ಬಹುಪಾಲು ಇರೋದೇ ಅದರ ಮೇಲೆ. ಹಳೇ ಫೋನುಗಳಲ್ಲಿ ಹೆಸರು ಹೇಳುವಾಗ 'ಸ'ನೋ 'ಶ'ನೋ ಅಂತ ಮತ್ತೆ ಮತ್ತೆ ಕೇಳುತ್ತಿದ್ದರಲ್ವಾ, ಅದಕ್ಕೆ ಇದೇ ಕಾರಣ. ತಂಬೂರಿಯ ಝೇಂಕಾರದ ಮೇಲಿನ ಪದರಗಳೂ ಅಲ್ಲೇ ಇರುತ್ತವೆ. 2011ರಲ್ಲಿ ಬಂದ ಸುಧಾರಣೆಯಲ್ಲಿ ಅಳತೆ ಸೆಕೆಂಡಿಗೆ 16,000ಕ್ಕೆ ಏರಿತು. ಎಂಎಸ್‌ಬಿಸಿ ಅಂತ ಅದರ ಹೆಸರು. ಮಾತಿಗೆ ಅದು ಸಾಕು. ಸಂಗೀತಕ್ಕೆ ಸಾಲದು.

ಹ್ಯಾಂಡ್ಸ್‌ಫ್ರೀ ಮಾಡಿದವರನ್ನು ಬೈಯೋದು ಸರಿಯಲ್ಲ. ಆ ಕಾಲಕ್ಕೆ ಟೆಲಿಫೋನ್ ಜಾಲವೇ ಅಷ್ಟು ಸದ್ದನ್ನು ಮಾತ್ರ ಹೊರುತ್ತಿತ್ತು. ಜಾಲದಲ್ಲಿ ಬಾರದ್ದನ್ನು ಕಿವಿಗೆ ಕಳಿಸೋಕೆ ದಾರಿ ಅಗಲ ಮಾಡಿ ಏನು ಪ್ರಯೋಜನ? ಆಮೇಲೆ ಕಾಲ ಬದಲಾಯಿತು. ಕೊರೊನಾ ವರ್ಷಗಳಲ್ಲಿ ಪಾಠ, ಆಫೀಸು, ಸಂದರ್ಶನ, ಸಂಗೀತ ಎಲ್ಲವೂ ವಿಡಿಯೋ ಕರೆಗೆ ಬಂದವು. ಇಂಟರ್ನೆಟ್ ಮೇಲೆ ಒಳ್ಳೆಯ ದನಿ ಬರುತ್ತೆ, ಇಯರ್‌ಬಡ್‌ಗೂ ಒಳ್ಳೆಯ ದನಿ ನುಡಿಸುವ ಶಕ್ತಿ ಇದೆ. ಇವೆರಡರ ನಡುವಿನ ಕೊನೆಯ ಒಂದು ಮಾರು ದೂರದಲ್ಲಿ ಮಾತ್ರ ಹಳೆಯ ಟೆಲಿಫೋನ್ ಕೂತಿದೆ.

ಪರಿಹಾರ ತುಂಬ ಸುಲಭ. ಇಯರ್‌ಬಡ್‌ನಲ್ಲಿ ಕೇಳಿ, ಮೈಕ್ ಮಾತ್ರ ಲ್ಯಾಪ್‌ಟಾಪಿನದ್ದೇ ಬಳಸಿ. ಇಯರ್‌ಬಡ್‌ನ ಮೈಕನ್ನು ಯಾವ ಆ್ಯಪೂ ಕೇಳದಿದ್ದರೆ ಸಾಫ್ಟ್‌ವೇರ್‌ಗೆ ಕಿರಿದಾದ ದಾರಿಗೆ ಇಳಿಯುವ ಕಾರಣವೇ ಇರೋದಿಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಸೌಂಡ್, ಅಲ್ಲಿ ಇನ್‌ಪುಟ್ ಅನ್ನುವ ಕಡೆ ಲ್ಯಾಪ್‌ಟಾಪ್‌ನ ಮೈಕ್ ಆರಿಸಬೇಕು. ಮ್ಯಾಕ್‌ನಲ್ಲೂ ಸೌಂಡ್ ಸೆಟ್ಟಿಂಗ್‌ನ ಇನ್‌ಪುಟ್‌ನಲ್ಲಿ ಇದೇ ಕೆಲಸ. ಇಷ್ಟಕ್ಕೇ ನಿಲ್ಲಿಸಬೇಡಿ. ಝೂಮ್, ಮೀಟ್, ಟೀಮ್ಸ್ ಥರದ ಆ್ಯಪ್‌ಗಳು ಮೈಕನ್ನು ತಾವೇ ಬೇರೆಯಾಗಿ ಆರಿಸಿಕೊಂಡಿರುತ್ತವೆ. ಅಲ್ಲೂ ಹೋಗಿ ಬದಲಾಯಿಸಬೇಕು. ವಿಂಡೋಸ್ 10ರಲ್ಲಿ ಒಂದೇ ಹೆಡ್‌ಸೆಟ್ ಎರಡು ಹೆಸರಲ್ಲಿ ಕಾಣಿಸುತ್ತಿತ್ತು, ಒಂದು ಸ್ಟೀರಿಯೋ, ಇನ್ನೊಂದು ಹ್ಯಾಂಡ್ಸ್‌ಫ್ರೀ. ಜನಕ್ಕೆ ಗೊಂದಲ ಆಗುತ್ತೆ ಅಂತ ವಿಂಡೋಸ್ 11ರಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಸೇರಿಸಿದರು. ನೋಡೋಕೆ ಚೆನ್ನಾಯಿತು, ನಿಜ. ಆದರೆ ದಾರಿ ಬದಲಾಗಿದೆ ಅಂತ ತಿಳಿಸುತ್ತಿದ್ದ ಒಂದೇ ಒಂದು ಗುರುತೂ ಅದರ ಜೊತೆ ಹೋಯಿತು.

ಅಕ್ಕನ ಮನೆಯಲ್ಲಿ ಮೈಕ್ ಬದಲಾಯಿಸಿದ ಮೇಲೆ ಇನ್ನೊಂದು ಲಾಭವೂ ಆಯಿತು. ಹುಡುಗಿಯ ದನಿ ಮೇಷ್ಟ್ರಿಗೆ ಹೋಗುತ್ತಿದ್ದುದೂ ಅದೇ ಕಿರಿದು ದಾರಿಯಲ್ಲಿ ಅಲ್ವಾ. ಲ್ಯಾಪ್‌ಟಾಪ್‌ನ ಮೈಕ್ ಏನೂ ದೊಡ್ಡ ಮೈಕಲ್ಲ. ಆದರೂ ಅದರ ಸದ್ದು ಬ್ಲೂಟೂತ್‌ನಲ್ಲಿ ಹಿಂಡಿಸಿಕೊಳ್ಳದೆ ಹೋಗುತ್ತೆ. "ಈಗ ನಿನ್ನ ಗಮಕ ಎಲ್ಲಿ ತಪ್ಪುತ್ತೆ ಅಂತ ಗೊತ್ತಾಗುತ್ತೆ" ಅಂದರಂತೆ ಮೇಷ್ಟ್ರು.

ಸಂಗೀತ ಕಲಿಯುವವರು ಮತ್ತೂ ಒಂದು ಕಡೆ ಕಣ್ಣಿಡಬೇಕು. ವಿಡಿಯೋ ಕರೆಯ ಆ್ಯಪ್‌ಗಳು ಹಿನ್ನೆಲೆಯ ಗದ್ದಲವನ್ನು ಅಳಿಸುತ್ತವೆ. ಫ್ಯಾನ್, ಏಸಿ ಥರ ಒಂದೇ ಸಮನೆ ಬರುವ ಸದ್ದು ಅಂದರೆ ಅವುಗಳ ಲೆಕ್ಕದಲ್ಲಿ ಗದ್ದಲ. ಶ್ರುತಿಯೂ ಒಂದೇ ಸಮನೆ ಬರುವ ಸದ್ದೇ ತಾನೆ? ಹಾಗಾಗಿ ತಂಬೂರಿಯನ್ನು ಒರೆಸಿಹಾಕುತ್ತವೆ, ನೀಳವಾಗಿ ಹಿಡಿದ ಷಡ್ಜವನ್ನೂ ನಡುನಡುವೆ ನುಂಗುತ್ತವೆ. ಝೂಮ್‌ನಲ್ಲಿ ಸಂಗೀತದವರಿಗೆ ಅಂತಲೇ 'ಒರಿಜಿನಲ್ ಸೌಂಡ್' ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಎರಡೂ ಕಡೆಯವರು ಆನ್ ಮಾಡಿಕೊಳ್ಳಬೇಕು.

ಫೋನಿನಲ್ಲಿ ಕರೆ ಮಾಡುವಾಗ ಇಷ್ಟು ಸ್ವಾತಂತ್ರ್ಯ ಇಲ್ಲ. ಹೆಚ್ಚಿನ ಆ್ಯಪ್‌ಗಳಲ್ಲಿ ಬ್ಲೂಟೂತ್ ಆರಿಸಿದರೆ ಮೈಕೂ ಅದರದ್ದೇ, ಸ್ಪೀಕರೂ ಅದರದ್ದೇ. ಪಾಠಕ್ಕೆ ಫೋನೇ ಗತಿ ಅಂದರೆ ತಂತಿಯ ಇಯರ್‌ಫೋನ್ ಬಳಸಿ. ತಾಳ ಹಾಕಿ ಕಲಿಯುವಾಗಲಂತೂ ತಂತಿಯೇ ವಾಸಿ. ಎ2ಡಿಪಿ ದಾರಿಯಲ್ಲಿ ಸದ್ದು ಸಾಮಾನ್ಯವಾಗಿ ಸೆಕೆಂಡಿನ ಹತ್ತರಲ್ಲಿ ಒಂದೆರಡು ಭಾಗ ತಡವಾಗಿ ಕಿವಿಗೆ ಬರುತ್ತೆ. ಸಿನಿಮಾ ನೋಡುವಾಗ ಆ್ಯಪ್ ಚಿತ್ರವನ್ನೂ ಅಷ್ಟೇ ತಡ ಮಾಡಿ ಸರಿದೂಗಿಸುತ್ತೆ. ಮೇಷ್ಟ್ರ ಕೈತಾಳಕ್ಕೆ ಹಾಗೆ ಸರಿದೂಗಿಸೋರು ಯಾರೂ ಇಲ್ಲ.

ಕೋಡೆಕ್ ಎಂಬ ಎರಡನೇ ಆಯ್ಕೆ

ಮೈಕ್ ತೊಂದರೆ ಇಲ್ಲ, ಬರೀ ಹಾಡು ಕೇಳೋದು ಅನ್ನೋಣ. ಆಗಲೂ ಸಾಫ್ಟ್‌ವೇರ್ ಒಂದು ಆಯ್ಕೆ ಮಾಡುತ್ತೆ. ಸಿಡಿ ಗುಣಮಟ್ಟದ 1,411 ಕಿಲೋಬಿಟ್ ಅನ್ನು ಬ್ಲೂಟೂತ್ ಗಾಳಿಯಲ್ಲಿ ಹಾಗೇ ಕಳಿಸೋಕಾಗಲ್ಲ. ಕುಗ್ಗಿಸಿ ಕಳಿಸಬೇಕು, ಇಯರ್‌ಬಡ್ ಅದನ್ನು ಮತ್ತೆ ಬಿಡಿಸಿಕೊಳ್ಳಬೇಕು. ಆ ಕುಗ್ಗಿಸಿ ಬಿಡಿಸುವ ವಿಧಾನಕ್ಕೆ ಕೋಡೆಕ್ ಅಂತಾರೆ. ಜೋಡಿಯಾಗುವಾಗ ಎರಡೂ ಕಡೆಯವು ತಮಗೆ ಬರುವ ಕೋಡೆಕ್‌ಗಳ ಪಟ್ಟಿ ಹೇಳಿಕೊಳ್ಳುತ್ತವೆ. ಇಬ್ಬರಿಗೂ ಗೊತ್ತಿರುವ ಒಂದನ್ನು ಆರಿಸಿಕೊಳ್ಳುತ್ತವೆ. ಏನೂ ಹೊಂದದಿದ್ದರೆ ಎಸ್‌ಬಿಸಿ. ಅದು ಎಲ್ಲರಿಗೂ ಕಡ್ಡಾಯ.

ಎಸ್‌ಬಿಸಿ ಅಂದರೆ ಕಳಪೆ ಅನ್ನೋದು ಜಾಹೀರಾತುಗಳು ಬೆಳೆಸಿದ ಮಾತು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕಂದರೆ ಇದರ ಹಿಂದೆ ಒಂದು ಒಳ್ಳೆಯ ಕಥೆ ಇದೆ.

ಎಸ್‌ಬಿಸಿ ಸದ್ದನ್ನು ಎಂಟು ಪಟ್ಟಿಗಳಾಗಿ ಸೀಳುತ್ತೆ. ಆಮೇಲೆ ಯಾವ ಪಟ್ಟಿಗೆ ಎಷ್ಟು ಬಿಟ್ ಅಂತ ಹಂಚುತ್ತೆ. ಹಂಚೋಕೆ ಒಟ್ಟು ಎಷ್ಟು ಬಿಟ್ ಇದೆ ಅನ್ನೋದಕ್ಕೆ ಬಿಟ್‌ಪೂಲ್ ಅಂತ ಹೆಸರು. ಮನೆ ಖರ್ಚಿಗೆ ತಿಂಗಳಿಗೆ ಇಷ್ಟು ಅಂತ ಎತ್ತಿಟ್ಟ ದುಡ್ಡಿನ ಹಾಗೆ. ಅದರಲ್ಲೇ ಅಕ್ಕಿ, ಹಾಲು, ಸ್ಕೂಲ್ ಫೀಸು ಎಲ್ಲ ಆಗಬೇಕು. ಬ್ಲೂಟೂತ್ ನಿಯಮಪುಸ್ತಕದಲ್ಲಿ 'ಉತ್ತಮ ಗುಣಮಟ್ಟ' ಅಂತ ಶಿಫಾರಸು ಮಾಡಿದ ಬಿಟ್‌ಪೂಲ್ 53. ಅದರಿಂದ ಸೆಕೆಂಡಿಗೆ 328 ಕಿಲೋಬಿಟ್ ಸಿಗುತ್ತೆ. ಅದು ಬರೀ ಶಿಫಾರಸು, ಲಕ್ಷ್ಮಣರೇಖೆ ಅಲ್ಲ. ಆದರೂ ಹೆಡ್‌ಫೋನ್ ಮಾಡುವವರಲ್ಲಿ ಹೆಚ್ಚಿನವರು 53ನ್ನೇ ಮೇಲಿನ ಮಿತಿ ಅಂತ ಬರೆದುಬಿಟ್ಟರು, ಫೋನ್‌ಗಳೂ ಅಲ್ಲಿಗೇ ನಿಂತವು.

2019ರ ಸುಮಾರಿಗೆ ಒಬ್ಬ ರಷ್ಯನ್ ಡೆವಲಪರ್ ಈ ನಿಯಮಗಳನ್ನು ಸಾಲು ಸಾಲಾಗಿ ಓದಿ ಒಂದು ವಿಷಯ ತೋರಿಸಿದರು. ಎಸ್‌ಬಿಸಿಯಲ್ಲಿ ಎಡ, ಬಲ ಎರಡನ್ನೂ ಸೇರಿಸಿ ಒಂದೇ ಬಿಟ್‌ಪೂಲ್‌ನಿಂದ ಹಂಚುವ ರೀತಿ ಇದೆ. ಸಾಮಾನ್ಯವಾಗಿ ಬಳಸೋದು ಇದನ್ನೇ. ಎಡಕ್ಕೊಂದು ಬಿಟ್‌ಪೂಲ್, ಬಲಕ್ಕೊಂದು ಬಿಟ್‌ಪೂಲ್ ಕೊಡುವ ಇನ್ನೊಂದು ರೀತಿಯೂ ಇದೆ. ಅದರ ಹೆಸರು ಡ್ಯುಯಲ್ ಚಾನೆಲ್. ಹೆಡ್‌ಫೋನ್ 53ರವರೆಗೆ ತಗೊಳ್ಳುತ್ತೇನೆ ಅಂದರೆ, ಈ ರೀತಿಯಲ್ಲಿ ಒಂದೊಂದು ಕಿವಿಗೂ ಅಷ್ಟು ಕೊಡಬಹುದು. ಒಂದೊಂದು ಕಿವಿಗೆ 38 ಕೊಟ್ಟರೂ ಸೆಕೆಂಡಿಗೆ 452 ಕಿಲೋಬಿಟ್ ಆಗುತ್ತೆ. ಹೆಡ್‌ಫೋನ್‌ನಲ್ಲಿ ಏನೂ ಬದಲಾಯಿಸಬೇಕಿಲ್ಲ. ಹೊಸ ಚಿಪ್ ಬೇಡ, ಲೈಸೆನ್ಸ್ ದುಡ್ಡೂ ಬೇಡ. ಕಳಿಸುವ ಕಡೆಯ ಸಾಫ್ಟ್‌ವೇರ್ ಒಂದು ಅಂಕಿ ಬದಲಾಯಿಸಿದರೆ ಸಾಕು. ಆಗಲೇ ಜನರ ಕಿವಿಯಲ್ಲಿದ್ದ ಹಳೆಯ ಹೆಡ್‌ಫೋನ್‌ಗಳು ಅದನ್ನು ಒಪ್ಪಿಕೊಂಡು ನುಡಿಸಿದವು. ಆ್ಯಂಡ್ರಾಯ್ಡ್‌ನ ಮುಕ್ತ ರೂಪವಾದ ಲೈನೇಜ್ ಓಎಸ್‌ಗೆ ಈ ಸೌಲಭ್ಯ ಬಂತು. ಮುಂದೆ ವಿಂಡೋಸ್ ಬದಲು ಬಳಸಬಹುದಾದ ಪುಕ್ಕಟೆ ಲಿನಕ್ಸ್‌ಗೆ ಎಸ್‌ಬಿಸಿ ಎಕ್ಸ್‌ಕ್ಯೂ ಎಂಬ ಹೆಸರಲ್ಲಿ ಬಂತು. ಆಳವಾಗಿ ಓದಿದ ಒಬ್ಬ ಮನುಷ್ಯ ಎಷ್ಟೊಂದು ಹೆಡ್‌ಫೋನ್‌ಗಳ ಸದ್ದನ್ನು ಕಾಸು ಖರ್ಚಿಲ್ಲದೆ ಸುಧಾರಿಸಿದರು ನೋಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಆ್ಯಂಡ್ರಾಯ್ಡ್ ಫೋನ್‌ಗಳ ಮೆನುವಿನಲ್ಲಿ ಮಾತ್ರ ಈ ಆಯ್ಕೆಯನ್ನು ನಾನು ಕಂಡಿಲ್ಲ. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ.

ಉಳಿದ ಕೋಡೆಕ್‌ಗಳನ್ನು ಬೇಗ ನೋಡಿಬಿಡೋಣ. ಐಫೋನ್ ಬಳಸೋದು ಎಎಸಿ. ಆ್ಯಪಲ್ ಅದನ್ನು ಚೆನ್ನಾಗಿ ಪಳಗಿಸಿಕೊಂಡಿದೆ. ಐಫೋನ್‌ನಲ್ಲಿ ಬೇರೆ ಆಯ್ಕೆಯ ತಲೆನೋವೂ ಇಲ್ಲ, ಸ್ವಾತಂತ್ರ್ಯವೂ ಇಲ್ಲ. ಆ್ಯಂಡ್ರಾಯ್ಡ್‌ನಲ್ಲೂ ಎಎಸಿ ಇದೆ. ಆದರೆ ಅದನ್ನು ಕುಗ್ಗಿಸುವ ಕೆಲಸ ಒಂದೊಂದು ಫೋನಿನಲ್ಲಿ ಒಂದೊಂದು ಥರ ನಡೆಯುತ್ತೆ. ಕೆಲವದರಲ್ಲಿ ತೀರಾ ಸಪ್ಪೆ. ಹಾಗಾಗಿ ಆ್ಯಂಡ್ರಾಯ್ಡ್‌ನಲ್ಲಿ ಎಎಸಿ ಇಷ್ಟವಾಗದಿದ್ದರೆ ಎಸ್‌ಬಿಸಿಗೆ ಬದಲಾಯಿಸಿ ಕೇಳಿ ನೋಡೋದು ತಪ್ಪಲ್ಲ. ಆ್ಯಪ್ಟ್‌ಎಕ್ಸ್‌ನ ಮೂಲ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ನಡೆದ ಕೆಲಸ. ಇವತ್ತು ಅದು ಚಿಪ್ ಕಂಪನಿ ಕ್ವಾಲ್ಕಾಮ್ ಕೈಯಲ್ಲಿದೆ. ಸಾಮಾನ್ಯ ಆ್ಯಪ್ಟ್‌ಎಕ್ಸ್ ಸೆಕೆಂಡಿಗೆ 352 ಕಿಲೋಬಿಟ್, ಅದರ ಎಚ್‌ಡಿ ರೂಪ 576. ಸ್ಯಾಮ್‌ಸಂಗ್ ತನ್ನ ಇಯರ್‌ಬಡ್‌ಗಳಿಗೆ ತನ್ನದೇ ಕೋಡೆಕ್ ಇಟ್ಟುಕೊಂಡಿದೆ. ಸೋನಿ 2015ರಲ್ಲಿ ಎಲ್‌ಡ್ಯಾಕ್ ತಂದಿತು. 2017ರ ಆ್ಯಂಡ್ರಾಯ್ಡ್ 8ರಿಂದ ಅದರ ಕುಗ್ಗಿಸುವ ಭಾಗ ಆ್ಯಂಡ್ರಾಯ್ಡ್‌ನ ಮೂಲ ಸಾಫ್ಟ್‌ವೇರ್‌ನಲ್ಲೇ ಸೇರಿತು.

ಎಲ್‌ಡ್ಯಾಕ್‌ನ 990 ಕಿಲೋಬಿಟ್ ಅನ್ನುವ ಅಂಕಿ ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಇರುತ್ತೆ. ಆದರೆ ಅದಕ್ಕೆ 990, 660, 330 ಅಂತ ಮೂರು ಹಂತಗಳಿವೆ. ಗಾಳಿಯಲ್ಲಿ ಗದ್ದಲ ಜಾಸ್ತಿಯಾದ ಹಾಗೆ ಫೋನ್ ತಾನಾಗೇ ಕೆಳಗಿಳಿಯುತ್ತೆ. ಮೆಜೆಸ್ಟಿಕ್‌ನ ಮೆಟ್ರೋ ನಿಲ್ದಾಣದಲ್ಲಿ ಸಂಜೆ ಆರು ಗಂಟೆಗೆ ಪ್ಯಾಂಟಿನ ಜೇಬಿನಲ್ಲಿ ಫೋನ್ ಇಟ್ಟುಕೊಂಡು 990 ಸಿಗುತ್ತೆ ಅಂದುಕೊಳ್ಳಬೇಡಿ. 330ಕ್ಕೆ ಇಳಿದ ಎಲ್‌ಡ್ಯಾಕ್‌ನಿಂದ 328ರ ಎಸ್‌ಬಿಸಿಗಿಂತ ದೊಡ್ಡ ಲಾಭ ಏನೂ ಉಳಿಯೋದಿಲ್ಲ.

ಇನ್ನೊಂದು ಮಾತು. ಕೇಳುವ ಹಾಡೇ ಎಷ್ಟು ದಪ್ಪ ಇದೆ? ಯೂಟ್ಯೂಬ್‌ನಲ್ಲಿ ಬರುವ ಸದ್ದು ಸುಮಾರು 128ರಿಂದ 160 ಕಿಲೋಬಿಟ್. ಅದನ್ನು 990ರ ದಾರಿಯಲ್ಲಿ ಕಳಿಸಿದರೆ ಲೋಟದ ನೀರನ್ನು ಟ್ಯಾಂಕರ್‌ನಲ್ಲಿ ತಂದ ಹಾಗೆ. ನಷ್ಟ ಏನಿಲ್ಲ, ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತೆ ಅಷ್ಟೇ.

ಫೋನಿನಲ್ಲಿ, ಕಂಪ್ಯೂಟರಿನಲ್ಲಿ ನೋಡೋದು ಹೇಗೆ

ಆ್ಯಂಡ್ರಾಯ್ಡ್ ಫೋನಿನಲ್ಲಿ ಈ ಆಯ್ಕೆ ಬಚ್ಚಿಟ್ಟ ಜಾಗದಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಮಾಹಿತಿಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಬೇಕು. ಆಗ ಡೆವಲಪರ್ ಆಯ್ಕೆಗಳು ಅನ್ನುವ ಹೊಸ ಮೆನು ತೆರೆದುಕೊಳ್ಳುತ್ತೆ. ಇಯರ್‌ಬಡ್ ಜೋಡಿಸಿಕೊಂಡೇ ಒಳಗೆ ಹೋಗಿ. ಬ್ಲೂಟೂತ್ ಆಡಿಯೋ ಕೋಡೆಕ್ ಅನ್ನುವ ಕಡೆ ಈಗ ಯಾವುದು ನಡೀತಿದೆ ಅಂತ ಕಾಣಿಸುತ್ತೆ. ಅಲ್ಲೇ ಬದಲಾಯಿಸಲೂಬಹುದು. ಎಷ್ಟೋ ಫೋನ್‌ಗಳಲ್ಲಿ ಮತ್ತೆ ಜೋಡಿಸಿದಾಗ ಈ ಆಯ್ಕೆ ಮೊದಲಿನದಕ್ಕೆ ಹೋಗುತ್ತೆ, ಗಮನ ಇರಲಿ. ಆ ಮೆನುವಿನ ಬೇರೆ ಸಾಲುಗಳನ್ನು ಮುಟ್ಟಬೇಡಿ. ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ನಿಮ್ಮ ಇಯರ್‌ಬಡ್ ಹೆಸರಿನ ಪಕ್ಕದ ಗುರುತು ಒತ್ತಿದರೆ 'ಎಚ್‌ಡಿ ಆಡಿಯೋ' ಅನ್ನುವ ಸ್ವಿಚ್ ಇರಬಹುದು. ಅದು ಆಫ್ ಆಗಿದ್ದರೆ ಎಷ್ಟು ದುಬಾರಿ ಇಯರ್‌ಬಡ್ ಆದರೂ ಎಸ್‌ಬಿಸಿಯಲ್ಲೇ ನುಡಿಯುತ್ತೆ. ಕೆಲವು ಹೆಡ್‌ಫೋನ್‌ಗಳಲ್ಲಿ ಏಕಕಾಲಕ್ಕೆ ಫೋನಿಗೂ ಲ್ಯಾಪ್‌ಟಾಪ್‌ಗೂ ಜೋಡಿಸುವ ಸೌಲಭ್ಯ ಆನ್ ಮಾಡಿದರೆ ಎಲ್‌ಡ್ಯಾಕ್ ಕೈಬಿಡುತ್ತೆ. ಅದನ್ನೂ ಒಮ್ಮೆ ನೋಡಿಕೊಳ್ಳಿ.

ವಿಂಡೋಸ್‌ನಲ್ಲಿ ಎಸ್‌ಬಿಸಿ, ಎಎಸಿ, ಆ್ಯಪ್ಟ್‌ಎಕ್ಸ್ ಇವೆ. ಎಲ್‌ಡ್ಯಾಕ್ ಇಲ್ಲ. ಯಾವುದು ನಡೀತಿದೆ ಅಂತ ಸಾಮಾನ್ಯ ಸೆಟ್ಟಿಂಗ್‌ಗಳಲ್ಲಿ ಎಲ್ಲೂ ಬರೆದಿರೋದಿಲ್ಲ. ಎಲ್‌ಡ್ಯಾಕ್ ಬೇಕೇ ಬೇಕು ಅನ್ನುವವರು ಬೇರೆಯವರು ಮಾಡಿದ ಡ್ರೈವರ್, ಅಂದರೆ ಆ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಕೊಳ್ಳುತ್ತಾರೆ. ಯುಎಸ್‌ಬಿಗೆ ಸಿಕ್ಕಿಸುವ ಬ್ಲೂಟೂತ್ ಟ್ರಾನ್ಸ್‌ಮಿಟರ್ ತರುವವರೂ ಇದ್ದಾರೆ. ಇಂಥ ಟ್ರಾನ್ಸ್‌ಮಿಟರ್ ವಿಂಡೋಸ್‌ಗೆ ಒಂದು ಸೌಂಡ್ ಕಾರ್ಡ್ ಹಾಗೆ ಕಾಣುತ್ತೆ, ಕೋಡೆಕ್ ಕೆಲಸವನ್ನೆಲ್ಲ ತಾನೇ ಮಾಡುತ್ತೆ. ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಇದು ಒಳ್ಳೆಯ ದಾರಿ.

ಈ ವಿಷಯದಲ್ಲಿ ನನಗೆ ಅಭಿಮಾನ ಇರೋದು ಲಿನಕ್ಸ್ ಮೇಲೆ. ಒಂದು ಕಾಲಕ್ಕೆ ಲಿನಕ್ಸ್‌ನಲ್ಲಿ ಬ್ಲೂಟೂತ್ ಹೆಡ್‌ಸೆಟ್ ಜೋಡಿಸೋದೇ ದೊಡ್ಡ ಸಾಹಸವಾಗಿತ್ತು. ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ವಿಮ್ ಟೈಮನ್ಸ್ ಶುರು ಮಾಡಿದ ಪೈಪ್‌ವೈರ್ ಅನ್ನುವ ಸಾಫ್ಟ್‌ವೇರ್ ಆ ಚಿತ್ರ ಬದಲಾಯಿಸಿತು. ಲಿನಕ್ಸ್‌ನ ರೂಪಗಳಾದ 2021ರ ಫೆಡೋರಾ 34ರಲ್ಲಿ, 2022ರ ಅಕ್ಟೋಬರ್‌ನಲ್ಲಿ ಬಂದ ಉಬುಂಟುವಿನಲ್ಲಿ ಅದೇ ಸದ್ದಿನ ಮುಖ್ಯ ಸಾಫ್ಟ್‌ವೇರ್ ಆಯಿತು. ಈಗ ವಾಲ್ಯೂಮ್ ಕಂಟ್ರೋಲ್ ಆ್ಯಪ್‌ನ ಕಾನ್ಫಿಗರೇಶನ್ ಪುಟ ತೆರೆದರೆ ಹೆಡ್‌ಸೆಟ್‌ನ ಎಲ್ಲ ದಾರಿಗಳೂ ಹೆಸರು ಸಮೇತ ಕಾಣುತ್ತವೆ. ಎ2ಡಿಪಿ, ಕೋಡೆಕ್ ಎಸ್‌ಬಿಸಿ ಎಕ್ಸ್‌ಕ್ಯೂ. ಎ2ಡಿಪಿ, ಕೋಡೆಕ್ ಎಲ್‌ಡ್ಯಾಕ್. ಹ್ಯಾಂಡ್ಸ್‌ಫ್ರೀ, ಕೋಡೆಕ್ ಎಂಎಸ್‌ಬಿಸಿ. ಬೇಕಾದ್ದು ಆರಿಸಿ, ಕೇಳಿ, ಬೇಡ ಅಂದರೆ ಬದಲಾಯಿಸಿ. ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಇಷ್ಟನ್ನು ಬಿಚ್ಚಿ ತೋರಿಸುತ್ತೆ ಅಂದ ಮೇಲೆ ದುಡ್ಡು ಕೊಟ್ಟು ಕೊಂಡವು ಯಾಕೆ ತೋರಿಸಬಾರದು? ಪರದೆಯ ಮೂಲೆಯಲ್ಲಿ ಒಂದು ಸಾಲು ಬಂದರೂ ಸಾಕು: 'ಮೈಕ್ ಬಳಕೆಯಲ್ಲಿದೆ, ಸದ್ದಿನ ಗುಣಮಟ್ಟ ಇಳಿದಿದೆ.' ಆ ಒಂದು ಸಾಲು ಇದ್ದಿದ್ದರೆ ಅಕ್ಕ ಎರಡನೇ ಇಯರ್‌ಬಡ್ ಕೊಳ್ಳುತ್ತಿರಲಿಲ್ಲ.

ಗಾಳಿಯಲ್ಲಿನ ಜಗಳ

ಸದ್ದು ಮಂಕಾಗೋದು ಬೇರೆ, ಕಡಿದು ಕಡಿದು ಬರೋದು ಬೇರೆ. ಎರಡನೇದಕ್ಕೆ ಕಾರಣ ಸಾಮಾನ್ಯವಾಗಿ ರೇಡಿಯೋ ಅಲೆಗಳು. ಬ್ಲೂಟೂತ್ ಓಡಾಡೋದು 2.4 ಗಿಗಾಹರ್ಟ್ಸ್‌ನಲ್ಲಿ. ಅಲ್ಲೇ ಹಳೆಯ ವೈಫೈ, ಪಕ್ಕದ ಮನೆಯ ವೈಫೈ, ಮೈಕ್ರೋವೇವ್ ಒಲೆ ಎಲ್ಲ ಇವೆ. ಬ್ಲೂಟೂತ್ 79 ಸಣ್ಣ ಕಾಲುವೆಗಳ ನಡುವೆ ಸೆಕೆಂಡಿಗೆ 1,600 ಸಲದವರೆಗೂ ಹಾರುತ್ತಾ ಜಾಗ ಹುಡುಕಿಕೊಳ್ಳುತ್ತೆ. ಆದರೂ ಒಂದು ಮಿತಿ ಇದೆ. ಲ್ಯಾಪ್‌ಟಾಪ್‌ಗಳಲ್ಲಿ ವೈಫೈ, ಬ್ಲೂಟೂತ್ ಎರಡೂ ಹೆಚ್ಚಾಗಿ ಒಂದೇ ಚಿಪ್‌ನಲ್ಲಿರುತ್ತವೆ, ಸರದಿ ಮೇಲೆ ಮಾತಾಡುತ್ತವೆ. ದೊಡ್ಡ ಫೈಲ್ ಇಳಿಸುವಾಗ ಹಾಡು ತಡವರಿಸೋದು ಅದಕ್ಕೇ. ಮನೆಯ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದರೆ ಈ ಜಗಳ ಬಹುಪಾಲು ನಿಲ್ಲುತ್ತೆ.

ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಯುಎಸ್‌ಬಿ 3.0. ಅದರ ಕೇಬಲ್, ಡಿಸ್ಕ್‌ಗಳಿಂದ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಸೋರುತ್ತೆ ಅಂತ ಇಂಟೆಲ್ 2012ರಲ್ಲೇ ಅಳೆದು ಬರೆದಿತ್ತು. ಹಾರ್ಡ್‌ಡಿಸ್ಕ್ ಸಿಕ್ಕಿಸಿದ ತಕ್ಷಣ ಸದ್ದು ತುಂಡಾಗುತ್ತಿದ್ದರೆ ಡಿಸ್ಕನ್ನು ದೂರದ ಪೋರ್ಟ್‌ಗೆ ಹಾಕಿ. ಬ್ಲೂಟೂತ್ ಡಾಂಗಲ್ ಬಳಸುತ್ತಿದ್ದರೆ ಗೇಣುದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಅದನ್ನು ಪಕ್ಕಕ್ಕೆ ಸರಿಸಿ. ನಮ್ಮ ದೇಹವೂ ಈ ಅಲೆಗಳನ್ನು ಹೀರುತ್ತೆ. ಹಿಂದಿನ ಜೇಬಿನಿಂದ ಫೋನ್ ತೆಗೆದು ಮುಂದೆ ಇಟ್ಟುಕೊಂಡರೂ ವ್ಯತ್ಯಾಸ ಗೊತ್ತಾಗುತ್ತೆ.

ಮೂರನೇ ದಾರಿ

ಅಕ್ಕನ ಮನೆಯ ತೊಂದರೆಗೆ ಬೇರಿನಿಂದಲೇ ಪರಿಹಾರ ಆಗಬೇಕಾದ್ದು ಎಲ್‌ಇ ಆಡಿಯೋ. 2020ರ ಜನವರಿಯಲ್ಲಿ ಅದನ್ನು ಘೋಷಿಸಿದರು. ನಿಯಮಗಳೆಲ್ಲ ಬರೆದು ಮುಗಿದಿದ್ದು 2022ರ ಜುಲೈನಲ್ಲಿ. ಇದರ ಕೋಡೆಕ್ ಹೆಸರು ಎಲ್‌ಸಿ3. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಮತ್ತು ಎರಿಕ್ಸನ್ ಸೇರಿ ಮಾಡಿದ್ದು. ಎಸ್‌ಬಿಸಿಯ ಅರ್ಧದಷ್ಟು ಬಿಟ್‌ನಲ್ಲೇ ಅದಕ್ಕಿಂತ ಒಳ್ಳೆಯ ಸದ್ದು ಕೊಡುತ್ತೆ ಅಂತ ಬ್ಲೂಟೂತ್ ಒಕ್ಕೂಟ ಹೇಳುತ್ತೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಬೇರೆ. ಇಲ್ಲಿ ಹಾಡಿಗೊಂದು ದಾರಿ, ಮಾತಿಗೊಂದು ದಾರಿ ಅಂತ ಇಲ್ಲ. ಒಳ್ಳೆಯ ಸದ್ದು, ಮೈಕ್ ಎರಡೂ ಒಟ್ಟಿಗೆ ಹೋಗಬಹುದು. ಆ್ಯಂಡ್ರಾಯ್ಡ್ 13ರಿಂದ, ವಿಂಡೋಸ್ 11ರ 2022ರ ಆವೃತ್ತಿಯಿಂದ ಇದಕ್ಕೆ ಬೆಂಬಲ ಶುರುವಾಯಿತು. ಮೈಕ್ ಆನ್ ಇದ್ದಾಗಲೂ ಸ್ಟೀರಿಯೋ ಉಳಿಯುವ ಹಾಗೆ, ಸೆಕೆಂಡಿಗೆ 32,000 ಅಳತೆಯ ಸದ್ದು ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು. 32,000 ಅಂದರೆ 16,000 ಹರ್ಟ್ಸ್‌ವರೆಗಿನ ಸದ್ದು. ಹಳೆಯ ಹ್ಯಾಂಡ್ಸ್‌ಫ್ರೀಯ ನಾಲ್ಕು ಪಟ್ಟು. ತಂಬೂರಿಯ ಝೇಂಕಾರ ಅದರಲ್ಲಿ ಧಾರಾಳವಾಗಿ ಹಿಡಿಸುತ್ತೆ.

ಇದರ ಜೊತೆಗೆ ಬಂದ ಔರಾಕಾಸ್ಟ್ ಅನ್ನುವುದೂ ನನಗೆ ತುಂಬ ಇಷ್ಟ. ಒಂದು ಕಡೆಯಿಂದ ಬಿತ್ತರಿಸಿದ ಸದ್ದನ್ನು ಸುತ್ತ ಇರುವ ಎಷ್ಟು ಜನ ಬೇಕಾದರೂ ಹಿಡಿದುಕೊಳ್ಳಬಹುದು. ಕಿವಿ ಮಂದವಾದವರ ಶ್ರವಣಯಂತ್ರಗಳೂ ಇದನ್ನು ಬಳಸುವ ಹಾಗೆ ಮಾಡಿದ್ದಾರೆ. ರಂಗಮಂದಿರದ ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೆ ನಾಟಕದ ಮಾತು ನೇರ ಕಿವಿಗೆ ಬರಬಹುದು.

ತೊಡಕು ಇರೋದು ಕೊಳ್ಳುವಾಗ. ಲ್ಯಾಪ್‌ಟಾಪ್‌ನ ಬ್ಲೂಟೂತ್ ಚಿಪ್, ಅದರ ಡ್ರೈವರ್, ವಿಂಡೋಸ್ ಆವೃತ್ತಿ, ಇಯರ್‌ಬಡ್ ನಾಲ್ಕೂ ಒಪ್ಪಿದರೆ ಮಾತ್ರ ಎಲ್‌ಇ ಆಡಿಯೋ ನಡೆಯುತ್ತೆ. ಪೆಟ್ಟಿಗೆ ಮೇಲೆ ಬ್ಲೂಟೂತ್ 5.3 ಅಂತ ಇದ್ದ ಮಾತ್ರಕ್ಕೆ ಅದು ಇದೆ ಅಂತಲ್ಲ. ಆ ಅಂಕಿ ಸದ್ದಿನ ಗುಣಮಟ್ಟ ಹೇಳುವ ಅಂಕಿಯೇ ಅಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಸಾವಿರ, ಒಂದೂವರೆ ಸಾವಿರಕ್ಕೆ ಸಿಗುವ ಇಯರ್‌ಬಡ್‌ಗಳಲ್ಲಿ ಹೆಚ್ಚಿನವಕ್ಕೆ ಗೊತ್ತಿರೋದು ಎಸ್‌ಬಿಸಿ, ಎಎಸಿ ಎರಡೇ. ಹಾಡು ಕೇಳೋಕೆ ಅವು ಸಾಕು. ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿ ಹಾಕಿಕೊಂಡರೆ ಕೋಡೆಕ್ ಬದಲಾಯಿಸಿದ್ದಕ್ಕಿಂತ ಜಾಸ್ತಿ ಲಾಭ ಆಗುತ್ತೆ. ಪಾಠಕ್ಕೆ, ಮೀಟಿಂಗ್‌ಗೆ ಅಂತ ಜಾಸ್ತಿ ದುಡ್ಡು ಹಾಕುವವರು ಮಾತ್ರ ಎಲ್‌ಇ ಆಡಿಯೋ ಅನ್ನುವ ಪದ ಪೆಟ್ಟಿಗೆ ಮೇಲೆ ಬರೆದಿದೆಯಾ ಅಂತ ಕೇಳಿ. ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ಬೆಂಬಲ ಇದ್ದರೆ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಅದೇ ಹೆಸರಿನ ಸ್ವಿಚ್ ಕಾಣುತ್ತೆ. ಅಕ್ಕನ ಮನೆಯ ಲ್ಯಾಪ್‌ಟಾಪ್‌ನಲ್ಲಿ ಆ ಸ್ವಿಚ್ ಇರಲಿಲ್ಲ. ಹಾಗಾಗಿ ಸದ್ಯಕ್ಕೆ ಹುಡುಗಿ ಪಾಠಕ್ಕೆ ಕೂರುವ ಮೊದಲು ಮೈಕ್ ಯಾವುದಿದೆ ಅಂತ ನೋಡಿಕೊಳ್ಳುತ್ತಾಳೆ, ಆಮೇಲೆ ಶ್ರುತಿ ಹಾಕುತ್ತಾಳೆ.